ಪ್ರಾಕ್ಟಿಕಲ್ ಶೂಟಿಂಗ್‌ಗೆ ಯಾವ ವೀಡಿಯೊ? ಮೊದಲು ಸ್ಕೋರ್ ಶೀಟ್ ತೆಗೆಯಿರಿ

ಪ್ರಾಕ್ಟಿಕಲ್ ಶೂಟಿಂಗ್ ಅಂದರೆ ಪಿಸ್ತೂಲು ಹಿಡಿದು ಜಾಗದಿಂದ ಜಾಗಕ್ಕೆ ಓಡುತ್ತಾ ಗುರಿಗಳಿಗೆ ಹೊಡೆಯುವ ಆಟ; ಅಂಕ, ಸಮಯ ಎರಡೂ ಲೆಕ್ಕಕ್ಕೆ. ಅದರಲ್ಲಿ ರೀಲೋಡ್, ಅಂದರೆ ಗುಂಡಿನ ಮ್ಯಾಗಜಿನ್ ಬದಲಿಸುವುದು, ಕಲಿಸುವ ವೀಡಿಯೊಗಳನ್ನು ನಾನು ಮೂರು ತಿಂಗಳು ಬಿಡದೆ ನೋಡಿದ್ದೆ. ದಿನಾ ರಾತ್ರಿ ಖಾಲಿ ಪಿಸ್ತೂಲು, ಖಾಲಿ ಮ್ಯಾಗಜಿನ್ ಹಿಡಿದು ಅಭ್ಯಾಸ. ಎರಡೂಕಾಲು ಸೆಕೆಂಡು ಹಿಡಿಯುತ್ತಿದ್ದ ರೀಲೋಡ್ ಒಂದೂವರೆ ಸೆಕೆಂಡಿಗೆ ಇಳಿಯಿತು. ತುಂಬಾ ಖುಷಿಯಾಗಿತ್ತು. ಆದರೆ ಮ್ಯಾಚ್‌ನಲ್ಲಿ ನನ್ನ ಸ್ಥಾನ ಇದ್ದಲ್ಲೇ ಇತ್ತು.

ಆಮೇಲೆ ಒಂದು ದಿನ ಹಿಂದಿನ ನಾಲ್ಕು ಮ್ಯಾಚ್‌ಗಳ ಸ್ಕೋರ್ ಶೀಟ್ ಮುಂದಿಟ್ಟುಕೊಂಡು ಕೂತೆ. ನಿಂತಲ್ಲೇ ರೀಲೋಡ್ ಮಾಡುವ ಪ್ರಸಂಗ ಅಷ್ಟರಲ್ಲೂ ಬಂದಿದ್ದು ಎರಡೇ ಸಲ. ಉಳಿದ ಎಲ್ಲ ಕಡೆ ಒಂದು ಜಾಗದಿಂದ ಇನ್ನೊಂದಕ್ಕೆ ಓಡುವಾಗ ರೀಲೋಡ್ ತಾನಾಗಿಯೇ ಮುಗಿದುಹೋಗುತ್ತಿತ್ತು. ಓಟಕ್ಕೆ ಮೂರು ಸೆಕೆಂಡು ಬೇಕಿರುವಾಗ ರೀಲೋಡ್ ಎರಡು ಸೆಕೆಂಡಾದರೇನು, ಒಂದೂವರೆಯಾದರೇನು? ನನ್ನ ಅಂಕ ಹೋಗುತ್ತಿದ್ದದ್ದು ದೂರದ ಗುರಿಗಳ ಮಿಸ್‌ಗಳಲ್ಲಿ. ಸಮಯ ಹೋಗುತ್ತಿದ್ದದ್ದು ಒಂದು ಜಾಗದ ಕೊನೆಯ ಗುಂಡು ಹೊಡೆದ ಮೇಲೂ ಅಲ್ಲೇ ಅರೆಗಳಿಗೆ ನಿಂತಿರುವುದರಲ್ಲಿ. ನಾನು ನೋಡಿದ ವೀಡಿಯೊಗಳು ಚೆನ್ನಾಗಿಯೇ ಇದ್ದವು. ನನ್ನ ಕಾಯಿಲೆಗೆ ಆ ಔಷಧಿ ಅಲ್ಲ, ಅಷ್ಟೇ.

ಆದ್ದರಿಂದ ಯಾವ ವೀಡಿಯೊ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ಅಂಕ ಎಲ್ಲಿ ಸೋರುತ್ತಿದೆ?

ಮೊದಲು ಲೆಕ್ಕ

ಪ್ರಾಕ್ಟಿಕಲ್ ಶೂಟಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ. ಮೊದಲ ಅಧ್ಯಕ್ಷ ಜೆಫ್ ಕೂಪರ್. ಅದರ ಧ್ಯೇಯವಾಕ್ಯ ಮೂರು ಲ್ಯಾಟಿನ್ ಪದಗಳದ್ದು: ಡಿಲಿಜೆನ್ಷಿಯಾ, ವಿಸ್, ಸೆಲೆರಿಟಾಸ್. ನಿಖರತೆ, ಬಲ, ವೇಗ. ಮೂರೂ ಒಟ್ಟಿಗೆ ಬೇಕು ಅನ್ನುವುದೇ ಈ ಆಟದ ಜೀವ. ಅಂಕ ಕೊಡುವ ರೀತಿಯಲ್ಲೂ ಅದೇ ಇದೆ. ನೀವು ಗಳಿಸಿದ ಅಂಕವನ್ನು ನೀವು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಯೇ ಹಿಟ್ ಫ್ಯಾಕ್ಟರ್.

ಎಲ್ ಪ್ರೆಸಿಡೆಂಟೆ ಅನ್ನುವ ಹಳೆಯ ಡ್ರಿಲ್ ತೆಗೆದುಕೊಳ್ಳೋಣ. ಕೂಪರ್ ರೂಪಿಸಿದ್ದು. ಹತ್ತು ಗಜ ದೂರದಲ್ಲಿ ಮೂರು ಗುರಿ. ಬೆನ್ನು ಹಾಕಿ ನಿಂತಿರಬೇಕು. ಟೈಮರ್ ಬೀಪ್ ಆದಾಗ ತಿರುಗಿ, ಪಿಸ್ತೂಲು ತೆಗೆದು, ಒಂದೊಂದಕ್ಕೆ ಎರಡು ಗುಂಡು. ರೀಲೋಡ್. ಮತ್ತೆ ಒಂದೊಂದಕ್ಕೆ ಎರಡು. ಒಟ್ಟು 12 ಗುಂಡು. ಗುರಿಯ ನಟ್ಟನಡುವಿನ ಎ ವಲಯಕ್ಕೆ 5 ಅಂಕ. ಮೈನರ್ ಲೆಕ್ಕದಲ್ಲಿ (ಕಡಿಮೆ ಬಲದ ಗುಂಡಿಗೆ) ಸಿ ವಲಯಕ್ಕೆ 3, ಡಿ ವಲಯಕ್ಕೆ 1. ಮಿಸ್ ಆದರೆ 10 ಕಳೆಯುತ್ತಾರೆ.

ಒಬ್ಬರು 12 ಗುಂಡೂ ಎ ವಲಯಕ್ಕೆ ಹೊಡೆದು 8.5 ಸೆಕೆಂಡು ತೆಗೆದುಕೊಂಡರು ಅನ್ನಿ. 60 ಭಾಗ 8.5, ಅಂದರೆ 7.06. ಇನ್ನೊಬ್ಬರು ರಭಸದಲ್ಲಿ 7 ಸೆಕೆಂಡಿಗೇ ಮುಗಿಸಿದರು. ಆದರೆ ಒಂಬತ್ತು ಎ, ಎರಡು ಸಿ, ಒಂದು ಮಿಸ್. 45ಕ್ಕೆ 6 ಸೇರಿಸಿ 10 ಕಳೆದರೆ 41. ಏಳರಿಂದ ಭಾಗಿಸಿದರೆ 5.86. ಒಂದೂವರೆ ಸೆಕೆಂಡು ಬೇಗ ಮುಗಿಸಿಯೂ ಹಿಂದೆ ಬಿದ್ದರು. ಮೂರನೆಯವರು ಹತ್ತು ಎ, ಎರಡು ಸಿ ಹೊಡೆದು 7.5 ಸೆಕೆಂಡಿಗೆ ಮುಗಿಸಿದರು. 56 ಭಾಗ 7.5, ಅಂದರೆ 7.47. ಮೂವರಲ್ಲಿ ಇವರೇ ಮುಂದೆ.

ಈ ಮೂವರಿಗೆ ಬೇಕಾದ ವೀಡಿಯೊ ಬೇರೆಬೇರೆ, ಅಲ್ವಾ? ಮೊದಲನೆಯವರಿಗೆ ವೇಗ ಹೆಚ್ಚಿಸುವುದನ್ನು ಕಲಿಸುವ ವೀಡಿಯೊ ಬೇಕು. ಸೈಟ್ (ಪಿಸ್ತೂಲಿನ ಮೇಲಿನ ಗುರಿ ಹಿಡಿಯುವ ಸಾಧನ) ಎಷ್ಟು ಕಂಡರೆ ಸಾಕು, ಯಾವಾಗ ಟ್ರಿಗರ್ ಒತ್ತಿಬಿಡಬಹುದು ಅನ್ನುವ ಪಾಠ. ಎರಡನೆಯವರಿಗೆ ಹಿಡಿತ ಮತ್ತು ಟ್ರಿಗರ್. ಅವರು ಇನ್ನಷ್ಟು ವೇಗ ಕಲಿಸುವ ವೀಡಿಯೊ ಕೊಂಡರೆ ಮಿಸ್‌ಗಳೂ ಜಾಸ್ತಿಯಾಗುತ್ತವೆ. ಮೂರನೆಯವರು ಬಹುಶಃ ದೊಡ್ಡ ಸ್ಟೇಜ್‌ಗಳ (ಮ್ಯಾಚ್‌ನ ಒಂದೊಂದು ಸುತ್ತಿಗೆ ಸ್ಟೇಜ್ ಅನ್ನುತ್ತಾರೆ) ಕಡೆ ನೋಡಬೇಕು.

ದೊಡ್ಡ ಸ್ಟೇಜ್‌ಗಳ ಲೆಕ್ಕ ಬೇರೆ. ಐಪಿಎಸ್‌ಸಿಯಲ್ಲಿ ಚಿಕ್ಕ ಸ್ಟೇಜ್‌ಗೆ ಹೆಚ್ಚೆಂದರೆ 12 ಗುಂಡು, ಮಧ್ಯಮಕ್ಕೆ 24, ದೊಡ್ಡದಕ್ಕೆ 32. 32 ಗುಂಡಿನ ಸ್ಟೇಜ್‌ನಲ್ಲಿ 16 ಗುರಿ, ಒಂದೊಂದಕ್ಕೆ ಎರಡು ಅಂತಿಟ್ಟುಕೊಳ್ಳಿ. ಒಂದೇ ಗುರಿಯ ಎರಡು ಗುಂಡಿನ ನಡುವಿನ ಸಮಯಕ್ಕೆ ಸ್ಪ್ಲಿಟ್ ಅನ್ನುತ್ತಾರೆ. ಅದನ್ನು 0.25ರಿಂದ 0.20ಕ್ಕೆ ಇಳಿಸಲು ತಿಂಗಳುಗಟ್ಟಲೆ ಬೆವರಬೇಕು. ಇಳಿಸಿದರೆ ಉಳಿಯುವುದು 16 ಸಲ 0.05, ಒಟ್ಟು 0.8 ಸೆಕೆಂಡು. ಅದೇ ಸ್ಟೇಜ್‌ನಲ್ಲಿ ಐದು ಜಾಗಗಳಿದ್ದರೆ ನಾಲ್ಕು ಸಲ ಓಡಬೇಕು. ಪ್ರತಿ ಸಲ ಹೊರಡುವಾಗ ಮತ್ತು ತಲುಪುವಾಗ ಸೇರಿ ಅರ್ಧ ಸೆಕೆಂಡು ಉಳಿಸಿದರೂ ಎರಡು ಸೆಕೆಂಡು ಕೈಗೆ ಬಂತು. ಹಾಗಿದ್ದೂ ಎಲ್ಲರ ಕಣ್ಣು ಹೋಗುವುದು ಪಟಪಟ ಗುಂಡು ಹಾರುವ ವೀಡಿಯೊ ಕಡೆಗೇ. ಕಾಲಿನ ಕೆಲಸ ಕಲಿಸುವ ವೀಡಿಯೊ ನೋಡುವವರು ಕಡಿಮೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಚಿಕ್ಕ ತುಣುಕುಗಳು

ಒಂದು ನಿಮಿಷದ ತುಣುಕುಗಳು ಪುಕ್ಕಟೆ ಸಿಗುತ್ತವೆ, ಬೇಕಾದಷ್ಟಿವೆ. ಒಂದೇ ಒಂದು ಸಂದೇಹಕ್ಕೆ ಉತ್ತರ ಬೇಕಾದಾಗ ಇವು ಬಹಳ ಒಳ್ಳೆಯವು. ಎಡಗೈ ಹೆಬ್ಬೆರಳು ಎಲ್ಲಿಡಬೇಕು? ಮ್ಯಾಗಜಿನ್ ಪೌಚ್ ಯಾವ ಕೋನದಲ್ಲಿರಬೇಕು? ಇಂಥದ್ದಕ್ಕೆ ಎರಡು ಗಂಟೆಯ ಪಾಠ ಬೇಕಿಲ್ಲ.

ತೊಂದರೆ ಆಗುವುದು ಇವನ್ನೇ ಪಾಠ ಅಂದುಕೊಂಡಾಗ. ಸೋಮವಾರ ಒಬ್ಬರು ಎಡಗೈ ಹಿಡಿತ ಬಿಗಿ ಮಾಡಿ ಅನ್ನುತ್ತಾರೆ. ಮಂಗಳವಾರ ಇನ್ನೊಬ್ಬರು ಎರಡೂ ಕೈ ಸಡಿಲ ಬಿಡಿ ಅನ್ನುತ್ತಾರೆ. ಅವರವರ ಶಿಷ್ಯರ ತಪ್ಪು ನೋಡಿ ಅವರವರು ಹೇಳಿದ ಮಾತು ಅದು. ಇಬ್ಬರೂ ಸರಿಯೇ ಇರಬಹುದು. ಆದರೆ ವಾರದಲ್ಲಿ ನಾಲ್ಕು ಸಲ ಹಿಡಿತ ಬದಲಿಸಿದ ಕೈಗೆ ಏನೂ ನೆಲೆ ನಿಲ್ಲುವುದಿಲ್ಲ. ತುಣುಕು ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಹಿಂದುಮುಂದು ಇರುವುದಿಲ್ಲ. ಇದನ್ನು ಕಲಿಯುವ ಮೊದಲು ಏನು ಬರಬೇಕು, ಆಮೇಲೆ ಏನು ಮಾಡಬೇಕು ಅನ್ನುವುದು ಅಲ್ಲಿಲ್ಲ.

ಮೊದಲಿಂದ ಕೊನೆವರೆಗಿನ ಕೋರ್ಸ್

ದುಡ್ಡು ಕೊಟ್ಟು ಕೊಳ್ಳುವ, ಅಥವಾ ತಿಂಗಳ ಚಂದಾ ಕಟ್ಟಿ ನೋಡುವ ಪೂರ್ತಿ ಕೋರ್ಸ್‌ಗಳಿವೆ. ಹಿಡಿತದಿಂದ ಶುರುವಾಗಿ ಟ್ರಿಗರ್, ಡ್ರಾ (ಒರೆಯಿಂದ ಪಿಸ್ತೂಲು ತೆಗೆಯುವುದು), ಟ್ರಾನ್ಸಿಷನ್ (ಗುರಿಯಿಂದ ಗುರಿಗೆ ಹೊರಳುವುದು), ರೀಲೋಡ್, ಓಟ, ಸ್ಟೇಜ್ ಯೋಜನೆ ಅಂತ ಸಾಲಾಗಿ ಹೋಗುತ್ತವೆ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಒಬ್ಬರೇ ಗುರು, ಒಂದೇ ಭಾಷೆ, ಒಂದೇ ಸಾಲು. ಮುಂದಿನ ಪಾಠ ಹಿಂದಿನದರ ಮೇಲೆ ನಿಂತಿರುತ್ತದೆ.

ಕೊಳ್ಳುವ ಮುಂಚೆ ಪಾಠಗಳ ಪಟ್ಟಿ ಓದಿ. ಬಂದೂಕು, ಹೋಲ್‌ಸ್ಟರ್ (ಪಿಸ್ತೂಲಿನ ಒರೆ), ಬೆಲ್ಟ್, ಸೈಟ್‌ಗಳ ಪರಿಚಯಕ್ಕೇ ಅರ್ಧ ಹೊತ್ತು ಹೋಗಿದ್ದರೆ ಬಿಟ್ಟುಬಿಡಿ. ಸಲಕರಣೆ ತಿಳಿಯಲು ಬೇರೆ ದಾರಿಗಳಿವೆ. ಪ್ರತಿ ಪಾಠದ ಕೊನೆಗೆ ಮಾಡಿ ನೋಡಲು ಒಂದು ಡ್ರಿಲ್ ಇದೆಯಾ ನೋಡಿ. ದೂರ ಎಷ್ಟು, ಗುರಿ ಎಂಥದ್ದು, ಎಷ್ಟು ಗುಂಡು, ಎಷ್ಟು ಸೆಕೆಂಡು, ಎಷ್ಟು ಎ ಬಂದರೆ ಸರಿ. ಇಷ್ಟು ಹೇಳದ ಪಾಠ ಕೇಳಲು ಚೆಂದ ಇರುತ್ತದೆ, ಮಾರನೇ ದಿನ ರೇಂಜ್‌ಗೆ ಹೋದಾಗ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ಒಂದು ಉದಾಹರಣೆ. ಬಿಲ್ ವಿಲ್ಸನ್ ಹೆಸರಿನಲ್ಲಿ ಬಂದ ಬಿಲ್ ಡ್ರಿಲ್ ಬಹಳ ಜನಕ್ಕೆ ಗೊತ್ತು. ಏಳು ಗಜ ದೂರ, ಒಂದೇ ಗುರಿ, ಡ್ರಾ ಮಾಡಿ ಆರು ಗುಂಡು, ಎಲ್ಲವೂ ಎ ವಲಯದಲ್ಲಿ. ಕೆಲವು ವೀಡಿಯೊಗಳು ಅದನ್ನು ಹೊಡೆದು ತೋರಿಸಿ, ಸಮಯ ಹೇಳಿ ಮುಗಿಸುತ್ತವೆ. ಒಳ್ಳೆಯ ಗುರು ಅಲ್ಲಿಗೆ ನಿಲ್ಲಿಸುವುದಿಲ್ಲ. ಗುಂಡುಗಳು ಎಡಕ್ಕೆ ಕೆಳಗೆ ಹೋಗುತ್ತಿದ್ದರೆ ಅದರ ಅರ್ಥ ಏನು, ಮೊದಲ ಎರಡು ಚೆನ್ನಾಗಿ ಬಿದ್ದು ಆಮೇಲಿನವು ಮೇಲೇರುತ್ತಿದ್ದರೆ ಏನು, ಆರೂ ಒಂದೇ ಕಡೆ ಗುಂಪಾಗಿ ಎ ವಲಯದಿಂದ ಆಚೆ ಬಿದ್ದರೆ ಏನು ಅಂತ ಒಂದೊಂದಾಗಿ ಬಿಡಿಸಿ ಹೇಳುತ್ತಾರೆ. ಗುರಿಯ ಹಾಳೆ ಓದಲು ಕಲಿಸುವ ವೀಡಿಯೊ ಸಿಕ್ಕರೆ ಬಿಡಬೇಡಿ. ಗುರು ಪಕ್ಕದಲ್ಲಿ ಇಲ್ಲದಾಗ ಆ ಹಾಳೆಯೇ ನಿಮ್ಮ ಗುರು.

ತರಗತಿಯನ್ನೇ ಚಿತ್ರಿಸಿದ ಕೋರ್ಸ್‌ಗಳೂ ಇವೆ. ಐದಾರು ಶಿಷ್ಯರು ಹೊಡೆಯುತ್ತಾರೆ, ಗುರು ತಿದ್ದುತ್ತಾ ಹೋಗುತ್ತಾರೆ. ನೋಡಲು ಸ್ವಲ್ಪ ಗಜಿಬಿಜಿ ಅನ್ನಿಸಬಹುದು. ಆದರೂ ಸ್ಟುಡಿಯೊದಲ್ಲಿ ನೀಟಾಗಿ ಮಾಡಿದ್ದಕ್ಕಿಂತ ಇದನ್ನೇ ನಾನು ಆರಿಸುತ್ತೇನೆ. ಗುರು ಮಾಡಿದ್ದನ್ನು ನೋಡಿದರೆ ಸರಿಯಾದದ್ದು ಹೇಗಿರುತ್ತದೆ ಅಂತ ತಿಳಿಯುತ್ತದೆ. ಶಿಷ್ಯರ ತಪ್ಪು ನೋಡಿದರೆ ‘ಅಯ್ಯೋ, ನಾನೂ ಹೀಗೇ ಮಾಡ್ತೀನಲ್ಲ’ ಅಂತ ಹೊಳೆಯುತ್ತದೆ.

ಚಾಂಪಿಯನ್ನರ ಮ್ಯಾಚ್ ವೀಡಿಯೊ

ದೊಡ್ಡ ಆಟಗಾರರು ಟೋಪಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಮ್ಯಾಚ್ ಆಡಿದ ವೀಡಿಯೊಗಳು ಸಿಗುತ್ತವೆ. ಹೊಸಬರು ಇವನ್ನು ಸಿನಿಮಾ ನೋಡಿದ ಹಾಗೆ ನೋಡಿಬಿಡುತ್ತಾರೆ. ಇದರಿಂದ ಕಲಿಯಲು ಒಂಚೂರು ತಯಾರಿ ಬೇಕು. ಆದರೆ ಸ್ಟೇಜ್ ಯೋಜನೆ ಮತ್ತು ಕಾಲಿನ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಹೀಗೆ ನೋಡಿ. ಧ್ವನಿ ನಿಲ್ಲಿಸಿ. ವೇಗವನ್ನು ಕಾಲು ಭಾಗಕ್ಕೆ ಇಳಿಸಿ. ಆಟಗಾರರ ಬೆನ್ನ ಹಿಂದಿನಿಂದ ತೆಗೆದ ವೀಡಿಯೊ ಇದ್ದರೆ ಇನ್ನೂ ಒಳ್ಳೆಯದು, ಯಾಕೆಂದರೆ ಕಾಲು ಕಾಣುತ್ತದೆ. ಒಂದು ಜಾಗದ ಕೊನೆಯ ಗುರಿಗೆ ಬಂದಾಗ ಅವರ ಹಿಮ್ಮಡಿ ನೋಡಿ. ಕೊನೆಯ ಗುಂಡು ಹಾರುವ ಮೊದಲೇ ಮೈಭಾರ ಮುಂದೆ ಹೋಗಬೇಕಾದ ಕಾಲಿನ ಕಡೆಗೆ ವಾಲಿರುತ್ತದೆ. ಇನ್ನೊಂದು ಕಾಲಿನ ಹಿಮ್ಮಡಿ ನೆಲದಿಂದ ಎದ್ದಿರುತ್ತದೆ. ಗುಂಡು ಹಾರಿದ ಮರುಕ್ಷಣ ಅವರು ಅಲ್ಲಿರುವುದಿಲ್ಲ. ಓಡುವಾಗ ಪಿಸ್ತೂಲು ಎದೆಯ ಹತ್ತಿರ ಬರುತ್ತದೆ, ಬೆರಳು ಟ್ರಿಗರ್‌ನಿಂದ ಪೂರ್ತಿ ಹೊರಗೆ, ಮೂತಿ ಗುರಿಗಳ ದಿಕ್ಕಿಗೇ. ಮುಂದಿನ ಜಾಗಕ್ಕೆ ಇನ್ನೂ ಎರಡು ಹೆಜ್ಜೆ ಇರುವಾಗಲೇ ಕೈಗಳು ಮೇಲೇರಿ ಚಾಚಿಕೊಂಡಿರುತ್ತವೆ. ಮೊಣಕಾಲು ಬಗ್ಗಿರುತ್ತದೆ. ಗೋಡೆಯ ಅಂಚು ದಾಟಿ ಗುರಿ ಕಾಣಿಸಿದ್ದೇ ತಡ, ಗುಂಡು. ಕಾಲು ನಿಲ್ಲುವುದು ಆಮೇಲೆ.

ಈಗ ನಿಮ್ಮದೇ ವೀಡಿಯೊ ಪಕ್ಕದಲ್ಲಿಟ್ಟು ಚೌಕಟ್ಟು (ಫ್ರೇಮ್) ಎಣಿಸಿ. ಸೆಕೆಂಡಿಗೆ 60 ಚೌಕಟ್ಟಿನ ವೀಡಿಯೊದಲ್ಲಿ 30 ಚೌಕಟ್ಟು ಅಂದರೆ ಅರ್ಧ ಸೆಕೆಂಡು. ಕೊನೆಯ ಗುಂಡಿನಿಂದ ಕಾಲು ಎತ್ತುವವರೆಗೆ ಎಷ್ಟು? ತಲುಪಿದ ಮೇಲೆ ಮೊದಲ ಗುಂಡಿನವರೆಗೆ ಎಷ್ಟು? ನಾನು ಎಣಿಸಿದಾಗ ಒಂದೊಂದು ಕಡೆ 40 ಚೌಕಟ್ಟು ಸಿಕ್ಕಿತು. ರೀಲೋಡ್‌ನಲ್ಲಿ ಮೂರು ತಿಂಗಳು ಬೆವರಿ ಉಳಿಸಿದ್ದಕ್ಕೆ ಹೆಚ್ಚುಕಡಿಮೆ ಸಮನಾದ ಸಮಯ ಒಂದೇ ಜಾಗದಲ್ಲಿ ಸುಮ್ನೆ ನಿಂತು ಕಳೆದಿದ್ದೆ.

ಆಟಗಾರರು ತಮ್ಮ ಯೋಜನೆಯನ್ನು ಬಾಯಿಬಿಟ್ಟು ವಿವರಿಸಿದ ವೀಡಿಯೊ ಸಿಕ್ಕರೆ ಇನ್ನೂ ಲಾಭ. ಈ ಗುರಿಯನ್ನು ಇಲ್ಲಿಂದ ಬಿಟ್ಟು ಅಲ್ಲಿಂದ ಹೊಡೆದದ್ದು ಯಾಕೆ, ಎಲ್ಲಿ ರೀಲೋಡ್ ಮಾಡಬೇಕು ಅಂತ ಹೇಗೆ ನಿರ್ಧರಿಸಿದರು, ಯಾವ ಗುರಿ ಮೊದಲು ಕಣ್ಣಿಗೆ ಬೀಳುತ್ತದೆ. ವಿವರಣೆ ಕೇಳುವ ಮುಂಚೆ ವೀಡಿಯೊ ನಿಲ್ಲಿಸಿ ನಿಮ್ಮ ಯೋಜನೆ ಕಾಗದದ ಮೇಲೆ ಬರೆಯಿರಿ. ಆಮೇಲೆ ಹೋಲಿಸಿ.

ಒಂದು ಎಚ್ಚರಿಕೆ. ಚಾಂಪಿಯನ್ನರ ವೇಗವನ್ನು ಹಾಗೇ ಎತ್ತಿಕೊಳ್ಳಬೇಡಿ. ಈ ಆಟದಲ್ಲಿ ಪಿಸ್ತೂಲಿನ ಬಗೆ ನೋಡಿ ಡಿವಿಷನ್ ಮಾಡುತ್ತಾರೆ. ಓಪನ್ ಡಿವಿಷನ್ ಪಿಸ್ತೂಲಿಗೆ ಕಾಂಪೆನ್ಸೇಟರ್ (ಮೂತಿ ಮೇಲೇಳುವುದನ್ನು ತಗ್ಗಿಸುವ ಭಾಗ) ಇರುತ್ತದೆ, ದೊಡ್ಡ ಮ್ಯಾಗಜಿನ್ ಇರುತ್ತದೆ. ಇವೆರಡೂ ಇಲ್ಲದ ಪ್ರೊಡಕ್ಷನ್ ಡಿವಿಷನ್‌ನಲ್ಲಿ ಆಡುವವರಿಗೆ ಅದೇ ಸ್ಟೇಜ್‌ನಲ್ಲಿ ರೀಲೋಡ್ ಜಾಸ್ತಿ, ಹಾಗಾಗಿ ಯೋಜನೆಯೂ ಬೇರೆ. ನಿಮ್ಮ ಡಿವಿಷನ್‌ನಲ್ಲೇ ಆಡುವವರನ್ನು ಹುಡುಕಿ ನೋಡಿ.

ಜೊತೆಗೇ ಮಾಡುವ ಡ್ರೈ ಫೈರ್ ವೀಡಿಯೊ

ಗುಂಡಿಲ್ಲದೆ ಮನೆಯಲ್ಲಿ ಮಾಡುವ ಅಭ್ಯಾಸಕ್ಕೆ ವೀಡಿಯೊ ಹಾಕಿಕೊಂಡು ಜೊತೆಜೊತೆಗೇ ಮಾಡಬಹುದು. ಹದಿನೈದು ಇಪ್ಪತ್ತು ನಿಮಿಷ, ಬೀಪ್, ಪಾರ್ ಟೈಮ್ (ಮುಗಿಸಲು ಕೊಟ್ಟ ಸಮಯ), ಮತ್ತೆ ಬೀಪ್. ಅಭ್ಯಾಸ ತಪ್ಪಿಸುವವರಿಗೆ ಇದು ವರ. ಡ್ರಾ, ರೀಲೋಡ್, ಗುರಿಯಿಂದ ಗುರಿಗೆ ಕಣ್ಣು ಹಾಯಿಸುವುದು, ಇವೆಲ್ಲ ಚೆನ್ನಾಗಿ ಕೂರುತ್ತವೆ. ಗುಂಡು ಹಾರಿದಾಗಿನ ಒದೆತ ತಡೆಯುವುದನ್ನು ಮಾತ್ರ ಡ್ರೈ ಫೈರ್ ಕಲಿಸುವುದಿಲ್ಲ. ಅದಕ್ಕೆ ನಿಜವಾದ ಗುಂಡೇ ಬೇಕು.

ಪಾರ್ ಟೈಮ್ ಹಿಂದೆ ಓಡುವಾಗ ಒಂದು ಅಪಾಯ ಇದೆ. ಬೀಪ್ ಒಳಗೆ ಮುಗಿಸುವ ಆತುರದಲ್ಲಿ ಸೈಟ್ ಗುರಿಯ ಮೇಲೆ ಬಂತೋ ಇಲ್ಲವೋ ನೋಡದೆ ಟ್ರಿಗರ್ ಒತ್ತುವ ಚಾಳಿ ಬೀಳುತ್ತದೆ. ಒಳ್ಳೆಯ ವೀಡಿಯೊದಲ್ಲಿ ಗುರು ನಡುನಡುವೆ ಕೇಳುತ್ತಾರೆ, ‘ಡಾಟ್ (ರೆಡ್ ಡಾಟ್ ಸೈಟ್‌ನ ಕೆಂಪು ಚುಕ್ಕೆ) ಎಲ್ಲಿತ್ತು? ಕಂಡಿತಾ?’ ಅಂತ. ಆ ಪ್ರಶ್ನೆ ಇಲ್ಲದೆ ಬರೀ ಬೀಪ್ ಇದ್ದರೆ ಅದಕ್ಕೆ ವೀಡಿಯೊ ಯಾಕೆ, ಟೈಮರ್ ಸಾಕು.

ಈ ಬಗೆಯ ವೀಡಿಯೊ ಆರಿಸುವಾಗ ಮೊದಲ ಒಂದು ನಿಮಿಷ ಗಮನವಿಟ್ಟು ನೋಡಿ. ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು, ಚೇಂಬರ್ (ಗುಂಡು ಕೂರುವ ಗೂಡು) ಖಾಲಿ ಇದೆ ಅಂತ ಕಣ್ಣಲ್ಲಿ ನೋಡಿ ಬೆರಳಲ್ಲಿ ಮುಟ್ಟಿ ತೋರಿಸುತ್ತಾರಾ? ಗುಂಡುಗಳು ಆ ಕೋಣೆಯಲ್ಲೇ ಇರಬಾರದು ಅಂತ ಹೇಳುತ್ತಾರಾ? ಗುಂಡು ತಡೆಯಬಲ್ಲ ಗೋಡೆಯ ಕಡೆಗೆ ಗುರಿ ಇಟ್ಟಿದ್ದಾರಾ? ಅಭ್ಯಾಸ ಮುಗಿದ ಮೇಲೆ ‘ಇನ್ನೊಂದು ಸಲ’ ಅಂತ ಮತ್ತೆ ಶುರು ಮಾಡಬಾರದು ಅನ್ನುತ್ತಾರಾ? ಇದನ್ನು ಹಾರಿಸಿ ನೇರ ಡ್ರಿಲ್‌ಗೆ ಹೋದ ವೀಡಿಯೊವನ್ನು ಅಲ್ಲಿಗೇ ಮುಚ್ಚಿಬಿಡಿ. ಎಷ್ಟು ದೊಡ್ಡ ಹೆಸರಿದ್ದರೂ ಸರಿ. ರಿಮ್‌ಫೈರ್ (.22ರಂಥ ಚಿಕ್ಕ ಗುಂಡಿನ) ಪಿಸ್ತೂಲಾದರೆ ಖಾಲಿ ಚೇಂಬರ್ ಮೇಲೆ ಟ್ರಿಗರ್ ಒತ್ತಿದಾಗ ಹಲವು ಮಾದರಿಗಳಲ್ಲಿ ಭಾಗಗಳು ಕೆಡುತ್ತವೆ. ತಯಾರಕರ ಕೈಪಿಡಿ ನೋಡಿ, ಬೇಕಾದರೆ ಡಮ್ಮಿ ಗುಂಡು ಬಳಸಿ.

ನಿಮ್ಮ ವೀಡಿಯೊ ನೋಡಿ ತಿದ್ದುವ ಕೋಚ್

ನೀವು ಹೊಡೆದದ್ದನ್ನು ಚಿತ್ರಿಸಿ ಕಳಿಸಿ, ಕೋಚ್ ನೋಡಿ ಉತ್ತರ ಕಳಿಸುವ ಏರ್ಪಾಡು ಇದು. ಉಳಿದೆಲ್ಲದಕ್ಕಿಂತ ದುಬಾರಿ. ಆದರೆ ಒಂದೇ ಹಂತದಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡವರಿಗೆ ಇದೇ ಬೇಕು. ಉಳಿದ ವೀಡಿಯೊಗಳೆಲ್ಲ ಎಲ್ಲರಿಗೂ ಒಂದೇ ಮಾತು ಹೇಳುತ್ತವೆ. ಇಲ್ಲಿ ಮಾತ್ರ ನಿಮ್ಮ ಕೈ ನೋಡಿ ಹೇಳುತ್ತಾರೆ.

ಕಳಿಸುವ ವೀಡಿಯೊ ಸರಿಯಾಗಿರಬೇಕು. ಬದಿಯಿಂದ ಒಂದು, ಹಿಂದಿನಿಂದ ಒಂದು. ಕೈಗಳನ್ನು ಹತ್ತಿರದಿಂದ ಸೆಕೆಂಡಿಗೆ 240 ಚೌಕಟ್ಟಿನ ನಿಧಾನಗತಿಯಲ್ಲಿ ಒಂದು. ಕೊನೆಗೆ ಗುರಿಯ ಹಾಳೆಯ ಫೋಟೊ, ಟೈಮರ್‌ನ ಅಂಕಿಗಳು. ಮ್ಯಾಗಜಿನ್‌ನಲ್ಲಿ ನಿಜವಾದ ಗುಂಡುಗಳ ನಡುವೆ ಬೇರೊಬ್ಬರ ಕೈಯಿಂದ ಒಂದೆರಡು ಡಮ್ಮಿ ಸೇರಿಸಿ ಹೊಡೆದದ್ದು ಇದ್ದರಂತೂ ಕೋಚ್‌ಗೆ ಅರ್ಧ ಕೆಲಸ ಆದಂತೆಯೇ. ಡಮ್ಮಿ ಬಂದಾಗ ಗುಂಡು ಹಾರುವುದಿಲ್ಲ, ಆದರೂ ಮೂತಿ ಕೆಳಕ್ಕೆ ಮುಗ್ಗರಿಸುತ್ತದೆ. ಗುಂಡು ಹಾರುವ ಮೊದಲೇ ಕೈ ಒತ್ತುತ್ತಿದೆ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇಂಥ ಚಿತ್ರೀಕರಣವನ್ನು ರೇಂಜ್‌ನ ನಿಯಮದೊಳಗೇ ಮಾಡಿ. ಕ್ಯಾಮೆರಾ ಸ್ಟ್ಯಾಂಡ್ ಮೇಲಿರಲಿ. ಒಳ್ಳೆಯ ಕೋನಕ್ಕಾಗಿ ಯಾರೂ ಶೂಟರ್‌ಗಿಂತ ಮುಂದೆ ಹೋಗಬಾರದು.

ಮಾದರಿ ನೋಡಿಯೇ ಅಳೆಯುವುದು

ಹೆಚ್ಚಿನ ಕೋರ್ಸ್‌ಗಳಿಗೆ ಪುಕ್ಕಟೆ ಮಾದರಿ ಇರುತ್ತದೆ. ಐದು ನಿಮಿಷದ ಮಾದರಿಯಲ್ಲೇ ಬಹಳಷ್ಟು ತಿಳಿಯುತ್ತದೆ. ನಾನು ಮೊದಲು ನೋಡುವುದು ಕತ್ತರಿ ಎಲ್ಲಿ ಬಿದ್ದಿದೆ ಅಂತ. ಬೀಪ್‌ನಿಂದ ಕೊನೆಯ ಗುಂಡಿನವರೆಗೆ ಎಲ್ಲೂ ಕತ್ತರಿಸದೆ ತೋರಿಸಿ, ಹಾಗೇ ಗುರಿಯ ಹಾಳೆ ಹತ್ತಿರ ಹೋಗಿ ತೂತುಗಳನ್ನು ತೋರಿಸಿದರೆ ನಂಬಿಕೆ ಬರುತ್ತದೆ. ಸಂಗೀತ ಹಾಕಿ, ನಾಲ್ಕು ಕೋನದಿಂದ ಕತ್ತರಿಸಿ ಜೋಡಿಸಿ, ಟೈಮರ್ ಸದ್ದು ಮುಚ್ಚಿ, ಹಾಳೆಯನ್ನೇ ತೋರಿಸದಿದ್ದರೆ ಅಲ್ಲಿ ಕಲಿಯಲು ಏನೂ ಇಲ್ಲ.

ಎರಡನೆಯದು, ಗುರು ತಾವೇ ತಪ್ಪಿದ್ದನ್ನು ತೋರಿಸುತ್ತಾರಾ ಅನ್ನುವುದು. ಒಂದು ಡಿ ಬಿದ್ದಾಗ ‘ಇಲ್ಲಿ ನಾನು ಮುಂದಿನ ಗುರಿಗೆ ಕಣ್ಣು ಹೊರಳಿಸಿದ್ದು ಬೇಗ ಆಯ್ತು’ ಅಂತ ಹೇಳಬಲ್ಲವರಿಗೆ ತಮ್ಮ ಕೆಲಸ ಒಳಗಿನಿಂದ ಗೊತ್ತಿದೆ. ಚೆನ್ನಾಗಿ ಹೊಡೆಯುವವರೆಲ್ಲ ಚೆನ್ನಾಗಿ ಕಲಿಸುವುದಿಲ್ಲ. ‘ಸುಮ್ನೆ ಗುರಿ ನೋಡಿ ಒತ್ತಿ’ ಅನ್ನುವ ಮಾತು ಇಪ್ಪತ್ತು ವರ್ಷ ಹೊಡೆದವರಿಗೆ ನಿಜ. ಹೊಸಬರಿಗೆ ಅದರಿಂದ ಏನೂ ಸಿಗುವುದಿಲ್ಲ.

ಸೈಟ್ ಹಿಂದೆ ಕ್ಯಾಮೆರಾ ಇಟ್ಟು ರೆಡ್ ಡಾಟ್ ಹೇಗೆ ಎದ್ದು ಹೇಗೆ ಮರಳುತ್ತದೆ ಅಂತ ತೋರಿಸಿದ ವೀಡಿಯೊಗೆ ನಾನು ವಿಶೇಷ ಬೆಲೆ ಕೊಡುತ್ತೇನೆ. ಮಾತಿನಲ್ಲಿ ಹೇಳಲು ಬಾರದ ಸಂಗತಿ ಅದು.

ಹಳೆಯದು, ಹೊಸದು, ಬೇರೆ ಆಟದ್ದು

ಹಳೆಯ ವೀಡಿಯೊ ಅಂದ ಮಾತ್ರಕ್ಕೆ ಎಸೆಯಬೇಕಿಲ್ಲ. ಆದರೆ ಏನು ಹಳೆಯದಾಗಿದೆ ಅಂತ ಗೊತ್ತಿರಬೇಕು. ಒಂದು ಕಾಲದಲ್ಲಿ ಎಲ್ಲರೂ ಒಂದು ಕಾಲು ಹಿಂದಿಟ್ಟು, ಒಂದು ಕೈ ತಳ್ಳಿ ಇನ್ನೊಂದು ಎಳೆಯುವ ವೀವರ್ ನಿಲುವಿನಲ್ಲಿ ಹೊಡೆಯುತ್ತಿದ್ದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ಆಟಗಾರರಾದ ರಾಬ್ ಲೆಥಮ್ ಮತ್ತು ಬ್ರಯಾನ್ ಈನೋಸ್ ಎರಡೂ ಕೈ ಸಮವಾಗಿ ಮುಂದೆ ಚಾಚುವ ಐಸಾಸಲೀಸ್ ನಿಲುವಿನಲ್ಲಿ ಗೆಲ್ಲುತ್ತಾ ಹೋದರು. ಆಟವೇ ಅತ್ತ ತಿರುಗಿತು. ವೀವರ್ ಕಲಿಸುವ ವೀಡಿಯೊ ಈ ಆಟಕ್ಕೆ ಬೇಡ.

ಕಣ್ಣಿನ ವಿಷಯವೂ ಹೀಗೇ. ಹಳೆಯ ಪಾಠಗಳಲ್ಲಿ ಪಿಸ್ತೂಲಿನ ತುದಿಯ ಫ್ರಂಟ್ ಸೈಟ್ ಮೇಲೆ ಕಣ್ಣು ನೆಡಿ ಅನ್ನುವುದೇ ಮಂತ್ರ. ರೆಡ್ ಡಾಟ್ ಬಳಸುವವರು ಅದನ್ನು ಪಾಲಿಸಿದರೆ ಕೆಟ್ಟರು. ಅವರ ಕಣ್ಣು ಗುರಿಯ ಮೇಲಿರಬೇಕು, ಡಾಟ್ ತಾನಾಗಿ ಅಲ್ಲಿಗೆ ಬರಬೇಕು. ಹಾಗಾಗಿ ನಿಮ್ಮ ಪಿಸ್ತೂಲಿನಲ್ಲಿ ಇರುವ ಸೈಟ್ ಯಾವುದೋ ಅದೇ ಇರುವ ವೀಡಿಯೊ ಆರಿಸಿ. ಟ್ರಿಗರ್ ಮುಂದಕ್ಕೆ ಬರುವಾಗ ‘ಕ್ಲಿಕ್’ ಅನ್ನುವವರೆಗೆ ಮಾತ್ರ ಬಿಡಬೇಕು ಅನ್ನುವ ಪಾಠವೂ ಹಳೆಯದೇ. ವೇಗವಾಗಿ ಹೊಡೆಯುವವರಲ್ಲಿ ಬಹಳ ಜನ ಈಗ ಅದಕ್ಕೆ ಕಾಯುವುದಿಲ್ಲ. ಸ್ಟೇಜ್ ಯೋಜನೆ, ಮನಸ್ಸಿನ ತಯಾರಿ, ಗುರಿಯ ಹಾಳೆ ಓದುವುದು, ಇವುಗಳ ಪಾಠ ಮಾತ್ರ ಎಷ್ಟು ಹಳೆಯದಾದರೂ ನಡೆಯುತ್ತದೆ.

ಆತ್ಮರಕ್ಷಣೆಗೆ, ಪೊಲೀಸರಿಗೆ ಅಂತ ಮಾಡಿದ ವೀಡಿಯೊಗಳು ಬೇರೆಯೇ ಲೋಕ. ಅಲ್ಲಿ ಮರೆಯಲ್ಲಿ ನಿಲ್ಲುವುದು, ಹೊಡೆದ ಮೇಲೆ ಸುತ್ತ ನೋಡುವುದು ಮುಖ್ಯ. ಈ ಆಟದಲ್ಲಿ ಅದೇ ಅಭ್ಯಾಸ ಸಮಯ ತಿನ್ನುತ್ತದೆ. ಪಿಸ್ತೂಲು ಹಿಡಿದು ಹಿಂದೆ ತಿರುಗಿ ಮೂತಿ 90 ಡಿಗ್ರಿ ದಾಟಿದರೆ ಮ್ಯಾಚ್‌ನಿಂದಲೇ ಹೊರಗೆ. ಓಡುವಾಗ ಬೆರಳು ಟ್ರಿಗರ್ ಗಾರ್ಡ್ ಒಳಗಿದ್ದರೂ ಅಷ್ಟೇ. ಹಾಗಾಗಿ ನಿಮ್ಮ ಆಟದ ನಿಯಮಪುಸ್ತಕ ತಿಳಿದವರ ವೀಡಿಯೊವನ್ನೇ ಆರಿಸಿ.

ಯಾವುದು ಮೊದಲು

ಇನ್ನೂ ಒಂದು ಮ್ಯಾಚ್ ಕೂಡ ಆಡದವರು ವೀಡಿಯೊಗೆ ದುಡ್ಡು ಹಾಕಬೇಡಿ. ಮೊದಲು ಲೈಸೆನ್ಸ್ ಇರುವ ರೇಂಜ್‌ನಲ್ಲಿ ಸುರಕ್ಷತೆಯ ತರಬೇತಿ ಮುಗಿಸಿ. ಹೋಲ್‌ಸ್ಟರ್‌ನಿಂದ ತೆಗೆಯುವುದನ್ನು ಪಕ್ಕದಲ್ಲಿ ಒಬ್ಬರು ನಿಂತು ನೋಡುತ್ತಿರುವಾಗಲೇ ಕಲಿಯಿರಿ. ವೀಡಿಯೊ ನಿಮ್ಮ ಕೈ ಹಿಡಿದು ತಡೆಯುವುದಿಲ್ಲ.

ಎರಡು ಮೂರು ಮ್ಯಾಚ್ ಆಡಿ ಆಯ್ತು, ಮಿಸ್ ಮತ್ತು ಡಿ ಜಾಸ್ತಿ ಇವೆ ಅನ್ನುವವರು ಪೂರ್ತಿ ಕೋರ್ಸ್ ಒಂದನ್ನು ಕೊಳ್ಳಿ. ಹಿಡಿತ ಮತ್ತು ಟ್ರಿಗರ್ ಪಾಠಗಳಲ್ಲೇ ಒಂದು ತಿಂಗಳು ಇರಿ. ಓಟದ ಪಾಠ ಆಮೇಲೆ ನೋಡಿದರೆ ಸಾಕು. ಅಂಕ ಚೆನ್ನಾಗಿ ಬರುತ್ತಿದೆ, ಸಮಯವೇ ಜಾಸ್ತಿ ಹೋಗುತ್ತಿದೆ ಅನ್ನುವವರು ತಮ್ಮ ಡಿವಿಷನ್‌ನ ಚಾಂಪಿಯನ್ನರ ಮ್ಯಾಚ್ ವೀಡಿಯೊ ಮತ್ತು ತಮ್ಮದೇ ವೀಡಿಯೊ ಪಕ್ಕಪಕ್ಕ ಇಟ್ಟು ಚೌಕಟ್ಟು ಎಣಿಸಲಿ. ಇದಕ್ಕೆ ಖರ್ಚೂ ಇಲ್ಲ. ರೇಂಜ್‌ಗೆ ಹೋಗಲು ಬಿಡುವಿಲ್ಲದವರಿಗೆ ಡ್ರೈ ಫೈರ್ ವೀಡಿಯೊ. ವರ್ಷದಿಂದ ಒಂದೇ ಕಡೆ ನಿಂತವರಿಗೆ ಕೋಚ್.

ಯಾವುದನ್ನೇ ಆರಿಸಿದರೂ ಶುರು ಮಾಡುವ ದಿನ ಒಂದು ಡ್ರಿಲ್ ಹೊಡೆದು ಅಂಕಿ ಬರೆದಿಡಿ. ಎಲ್ ಪ್ರೆಸಿಡೆಂಟೆ ಆಗಬಹುದು, ಬಿಲ್ ಡ್ರಿಲ್ ಆಗಬಹುದು. ಐದು ಸಲ ಹೊಡೆದು ಐದೂ ಬರೆಯಿರಿ, ಚೆನ್ನಾಗಿ ಬಂದ ಒಂದನ್ನಷ್ಟೇ ಬರೆಯಬೇಡಿ. ಆರು ವಾರ ಆ ಒಂದೇ ವೀಡಿಯೊ. ಬೇರೆ ಗುರುಗಳ ತುಣುಕು ಅಷ್ಟು ದಿನ ಬೇಡ. ಆರು ವಾರ ಆದ ಮೇಲೆ ಅದೇ ಡ್ರಿಲ್ ಮತ್ತೆ ಐದು ಸಲ. ಅಂಕಿ ಮೇಲೇರಿದ್ದರೆ ಮುಂದಿನ ಪಾಠಕ್ಕೆ ಹೋಗಿ. ಏರದಿದ್ದರೆ ಇನ್ನೊಂದು ವೀಡಿಯೊ ಹುಡುಕುವ ಮೊದಲು ಆ ಹತ್ತೂ ಸಲದ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿ. ತೂತುಗಳು ಎತ್ತ ಕಡೆ ಸರಿದಿವೆ ನೋಡಿ. ಮುಂದೆ ಹುಡುಕಬೇಕಾದದ್ದು ಹಿಡಿತದ ಪಾಠವೋ, ಟ್ರಿಗರ್ ಪಾಠವೋ, ಕಣ್ಣಿನ ಪಾಠವೋ ಅಂತ ಅಲ್ಲೇ ಗೊತ್ತಾಗುತ್ತದೆ.